ಘಮ ಕಳೆದುಕೊಳ್ಳದ ಮಸಾಲೆ ಕಪಾಟು: ಮೊದಲಿನಿಂದ ಕಟ್ಟುವ ಬಗೆ

ಮಸಾಲೆ ಕಪಾಟು ತುಂಬಿಸುವುದು ಒಂದು ಮಧ್ಯಾಹ್ನದ ಕೆಲಸ. ಕಂಡದ್ದನ್ನೆಲ್ಲ ಒಂದೊಂದು ಪೊಟ್ಟಣ ತಂದರೆ ಮೂವತ್ತು ಡಬ್ಬಿ ಸಾಲಾಗಿ ನಿಲ್ಲುತ್ತವೆ. ಒಂದೆರಡು ವರ್ಷ ಕಳೆದ ಮೇಲೆ ಅದೇ ಡಬ್ಬಿಗಳನ್ನು ತೆರೆದು ನೋಡಿ. ಜೀರಿಗೆ ಪುಡಿ ಯಾವುದು, ಕೊತ್ತಂಬರಿ ಪುಡಿ ಯಾವುದು ಎಂದು ಮೂಗಿಗೆ ತಿಳಿಯುವುದಿಲ್ಲ. ಒಣ ಎಲೆಗಳಿಗೆ ಹುಲ್ಲಿನ ವಾಸನೆ ಬಂದಿರುತ್ತದೆ. ಕೆಂಪಗಿದ್ದ ಪುಡಿ ಮಾಸಿ ಕಂದಾಗಿರುತ್ತದೆ. ಅಂಥದ್ದನ್ನು ಎರಡು ಚಮಚ ಸುರಿದರೂ ಅಡುಗೆಗೆ ರುಚಿ ಹತ್ತುವುದಿಲ್ಲ, ನಾಲಿಗೆಗೆ ತರಿತರಿ ಸಿಗುತ್ತದೆ ಅಷ್ಟೆ. ನನ್ನ ಮಟ್ಟಿಗೆ ಒಳ್ಳೆಯ ಕಪಾಟು ಎಂದರೆ ಹತ್ತು ಹನ್ನೆರಡು ಬಗೆ, ಒಂದೊಂದೂ ಸ್ವಲ್ಪ ಸ್ವಲ್ಪ, ಆದಷ್ಟೂ ಪುಡಿಯಾಗದ ಇಡೀ ಕಾಳು. ಮಿಕ್ಕದ್ದು ಬೇಕಾದಾಗ, ಬೇಕಾದಷ್ಟು.

ಘಮ ಇರುವುದು ಎಣ್ಣೆಯಲ್ಲಿ

ಯಾವ ಮಸಾಲೆಯನ್ನೇ ತೆಗೆದುಕೊಳ್ಳಿ, ಅದರ ಪರಿಮಳ ಇರುವುದು ಸುಲಭವಾಗಿ ಆವಿಯಾಗುವ ಎಣ್ಣೆಗಳಲ್ಲಿ. ಲವಂಗದ್ದು ಯೂಜಿನಾಲ್, ಜೀರಿಗೆಯದು ಕ್ಯುಮಿನಾಲ್ಡಿಹೈಡ್, ಕೊತ್ತಂಬರಿ ಬೀಜದ್ದು ಹೆಚ್ಚಾಗಿ ಲಿನಲೂಲ್. ಕಾಳು ಇಡಿಯಾಗಿರುವಾಗ ಈ ಎಣ್ಣೆ ಒಳಗಿನ ಸಣ್ಣ ಚೀಲಗಳಲ್ಲಿ ಭದ್ರವಾಗಿರುತ್ತದೆ. ಕುಟ್ಟಿದ ಕ್ಷಣ ಚೀಲಗಳು ಒಡೆದು ಎಣ್ಣೆ ಗಾಳಿಗೆ ತೆರೆದುಕೊಳ್ಳುತ್ತದೆ. ಪುಡಿ ಮಾಡುವಾಗ ಮನೆಯೆಲ್ಲ ಘಮ್ಮೆನ್ನುತ್ತದಲ್ಲ, ಆಗ ಹೊರಟದ್ದು ಮತ್ತೆ ಡಬ್ಬಿಗೆ ಬರುವುದಿಲ್ಲ.

ಖಾರದ ಕಥೆ ಬೇರೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಆಗಲಿ, ಕಾಳುಮೆಣಸಿನ ಪೈಪರಿನ್ ಆಗಲಿ ಹಾಗೆ ಆವಿಯಾಗಿ ಹೋಗುವಂಥವಲ್ಲ. ಆದ್ದರಿಂದಲೇ ಹಳೆಯ ಮೆಣಸಿನ ಪುಡಿ ಗಂಟಲು ಸುಡುತ್ತದೆ, ಆದರೆ ಮೂಗಿಗೆ ಏನೂ ಹೇಳುವುದಿಲ್ಲ. ಖಾರ ಇದೆಯಲ್ಲ, ಚೆನ್ನಾಗಿಯೇ ಇರಬೇಕು ಎಂದು ಮೋಸಹೋಗುವುದು ಇಲ್ಲೇ.

ಎಣ್ಣೆಯನ್ನು ಓಡಿಸುವವು ನಾಲ್ಕು: ಬೆಳಕು, ಬಿಸಿ, ತೇವ, ಗಾಳಿ. ಮುಂದೆ ಹೇಳುವ ಹೆಚ್ಚಿನ ಮಾತು ಈ ನಾಲ್ಕನ್ನು ದೂರ ಇಡುವ ಉಪಾಯವೇ.

ಹೆಜ್ಜೆ 1: ಇರುವುದನ್ನು ಮೂಸಿ ನೋಡಿ

ಹೊಸದು ಕೊಳ್ಳುವ ಮೊದಲು ಕಪಾಟನ್ನು ಪೂರ್ತಿ ಖಾಲಿ ಮಾಡಿ ಎಲ್ಲವನ್ನೂ ಮೇಜಿನ ಮೇಲೆ ಹರಡಿ. ಡಬ್ಬಿಗೆ ಮೂಗು ಇಟ್ಟು ಮೂಸಿದರೆ ಸಾಲದು, ಮುಚ್ಚಿದ ಡಬ್ಬಿಯೊಳಗೆ ಸೇರಿಕೊಂಡಿದ್ದ ಘಮ ಮೊದಲ ಬಾರಿಗೆ ಜೋರಾಗಿಯೇ ಬರುತ್ತದೆ. ಒಂದು ಚಿಟಿಕೆ ಅಂಗೈಗೆ ಹಾಕಿ, ಹೆಬ್ಬೆರಳಿನಿಂದ ತಿಕ್ಕಿ, ಆಮೇಲೆ ಮೂಸಿ. ಕಾಳಾದರೆ ಹಲ್ಲಿನಲ್ಲಿ ಒಂದನ್ನು ಕಡಿಯಿರಿ. ತಿಕ್ಕಿದ ಕೂಡಲೇ ಇದು ಇಂಥದ್ದು ಎಂದು ಕಣ್ಣು ಮುಚ್ಚಿ ಹೇಳಬಲ್ಲಿರಾದರೆ ಅದು ಉಳಿಯಲಿ. ಯೋಚಿಸಬೇಕಾಯಿತೆಂದರೆ ಅದರ ಕಾಲ ಮುಗಿದಿದೆ.

ಲವಂಗಕ್ಕೆ ಇನ್ನೊಂದು ಪರೀಕ್ಷೆ ಇದೆ. ಮೊಗ್ಗಿನ ಕೆಳಗಿನ ಕಡ್ಡಿಯನ್ನು ಉಗುರಿನಿಂದ ಒತ್ತಿ. ಒಳ್ಳೆಯ ಲವಂಗದಲ್ಲಿ ಉಗುರು ಸ್ವಲ್ಪ ಇಳಿದು ಎಣ್ಣೆಯ ಪಸೆ ಕಾಣುತ್ತದೆ, ಬೆರಳಲ್ಲಿ ಗಂಟೆಗಟ್ಟಲೆ ವಾಸನೆ ನಿಲ್ಲುತ್ತದೆ. ಒಣಕಲಾಗಿ ಪುಡಿಯಾಗಿ ಉದುರಿದರೆ, ಅದರ ಎಣ್ಣೆ ಎಂದೋ ಹೋಗಿದೆ, ಅಥವಾ ಮಾರುವ ಮೊದಲೇ ಯಾರೋ ತೆಗೆದುಕೊಂಡಿದ್ದಾರೆ.

ಗಂಟು ಕಟ್ಟಿದ್ದು, ಮುಗ್ಗಲು ವಾಸನೆ ಹೊಡೆಯುವುದು, ಬೂಷ್ಟು ಹಿಡಿದದ್ದು ಏನಿದ್ದರೂ ಮುಲಾಜಿಲ್ಲದೆ ಎಸೆಯಿರಿ. ಮೆಣಸಿನಕಾಯಿ, ಜಾಯಿಕಾಯಿಯಂಥವುಗಳ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷ ತಯಾರಿಸುತ್ತವೆ. ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ಬೂಷ್ಟು ಇಲ್ಲದೆ ಬರೀ ಘಮ ಕಳೆದುಕೊಂಡದ್ದು ಮಾತ್ರ ಅಪಾಯಕಾರಿಯಲ್ಲ. ಅದರಿಂದ ಕೆಡುಕೂ ಇಲ್ಲ, ಪ್ರಯೋಜನವೂ ಇಲ್ಲ.

ಹೆಜ್ಜೆ 2: ನೀವು ಮಾಡುವ ಅಡುಗೆಯಿಂದ ಪಟ್ಟಿ ಮಾಡಿ

ಯಾರೋ ಕೊಟ್ಟ ‘ಇರಲೇಬೇಕಾದ ಮಸಾಲೆಗಳ’ ಪಟ್ಟಿಯನ್ನು ಹಿಡಿದು ಅಂಗಡಿಗೆ ಹೋಗಬೇಡಿ. ಕಳೆದ ಒಂದು ತಿಂಗಳಲ್ಲಿ ಮನೆಯಲ್ಲಿ ಏನೇನು ಬೇಯಿತು ಎಂದು ನೆನಪಿಸಿಕೊಂಡು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಅಡುಗೆಯ ಮುಂದೆ ಅದಕ್ಕೆ ಹಾಕಿದ ಮಸಾಲೆಗಳ ಹೆಸರು ಬರಲಿ. ವಾರಕ್ಕೊಮ್ಮೆಯಾದರೂ ಬಂದ ಹೆಸರುಗಳು ಮೊದಲ ಸಾಲಿಗೆ, ತಿಂಗಳಿಗೊಮ್ಮೆ ಬಂದವು ಎರಡನೆಯ ಸಾಲಿಗೆ. ಒಮ್ಮೆಯೂ ಬಾರದ, ಆದರೆ ಎಂದಾದರೂ ಬೇಕಾದೀತು ಎನಿಸುವ ಹೆಸರು ಸದ್ಯಕ್ಕೆ ಬೇಡ. ಅದು ಬೇಕಾದ ದಿನ ಅದೊಂದನ್ನೇ, ಸಿಗುವ ಅತಿ ಚಿಕ್ಕ ಪೊಟ್ಟಣದಲ್ಲಿ ತಂದರಾಯಿತು.

ಹೊಸದಾಗಿ ಅಡುಗೆ ಶುರುಮಾಡುವವರಿಗೆ ನೆನಪಿಸಿಕೊಳ್ಳಲು ಒಂದು ತಿಂಗಳ ಅಡುಗೆಯೇ ಇರುವುದಿಲ್ಲ. ಅವರು ಮುಂದಿನ ಹತ್ತರಿಂದ ಆರಂಭಿಸಬಹುದು.

ಹೆಜ್ಜೆ 3: ಮೊದಲ ಸಾಲಿನ ಹತ್ತು

ಜೀರಿಗೆ ಮತ್ತು ಕೊತ್ತಂಬರಿ ಬೀಜ ಇಡಿಯಾಗಿಯೇ ಬರಲಿ. ಇವೆರಡೂ ಸುಲಭವಾಗಿ ಪುಡಿಯಾಗುತ್ತವೆ, ಪುಡಿಯಾದ ಮೇಲೆ ಬಲುಬೇಗ ಸಪ್ಪೆಯಾಗುತ್ತವೆ. ಕೊತ್ತಂಬರಿ ಬೀಜ ಹಗುರ, ಖರ್ಚೂ ಹೆಚ್ಚು, ಹಾಗಾಗಿ ಮೂರು ನಾಲ್ಕು ಜನರ ಮನೆಗೆ 200 ಗ್ರಾಂ ಇರಲಿ. ಜೀರಿಗೆ 100 ಗ್ರಾಂ ಸಾಕು.

ಸಾಸಿವೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇಡೀ ಸಾಸಿವೆಗೆ ವಾಸನೆಯೇ ಇಲ್ಲ, ಹಾಗೆಂದು ಅದು ಹಳತಾಗಿದೆ ಎಂದುಕೊಳ್ಳಬೇಡಿ. ಅದರ ಘಾಟು ಕಾಳಿನೊಳಗೆ ಸಿದ್ಧವಾಗಿ ಕೂತಿರುವುದಿಲ್ಲ. ಅರೆದು ನೀರು ತಾಗಿದಾಗ ಒಳಗಿನ ಮೈರೋಸಿನೇಸ್ ಎಂಬ ಕಿಣ್ವ ಸಿನಿಗ್ರಿನ್ ಎಂಬ ವಸ್ತುವನ್ನು ಒಡೆಯುತ್ತದೆ, ಆಗ ಮೂಗಿಗೆ ಏರುವ ಆ ಘಾಟು ಹುಟ್ಟುತ್ತದೆ. ಆದ್ದರಿಂದ ಸಾಸಿವೆ ಘಾಟಾಗಬೇಕೆಂದರೆ ತಣ್ಣೀರಿನಲ್ಲಿ ಅರೆದು ಹತ್ತು ನಿಮಿಷ ಹಾಗೇ ಬಿಡಿ. ಬಿಸಿನೀರು ಹಾಕಿದರೆ ಕಿಣ್ವ ಸತ್ತು ಘಾಟು ಬರುವುದೇ ಇಲ್ಲ. ಕಾದ ಎಣ್ಣೆಯಲ್ಲಿ ಚಟಪಟ ಸಿಡಿದ ಸಾಸಿವೆ ಘಾಟಾಗದೆ ಹುರಿದ ಕಡಲೆಬೀಜದಂಥ ಹಿತವಾದ ರುಚಿ ಕೊಡುವುದೂ ಇದೇ ಕಾರಣಕ್ಕೆ. ಕಪ್ಪು ಮತ್ತು ಕಂದು ಸಾಸಿವೆಗೆ ಘಾಟು ಹೆಚ್ಚು, ಹಳದಿಯದು ಸೌಮ್ಯ. ಒಂದು ಬಗೆ ಸಾಕು.

ಕಾಳುಮೆಣಸನ್ನು ಪುಡಿಯಾಗಿ ಕೊಳ್ಳಲೇಬೇಡಿ. ಇದೊಂದರಲ್ಲಿ ನಾನು ರಾಜಿಯಾಗುವುದಿಲ್ಲ. ಆಗತಾನೇ ಕುಟ್ಟಿದ ಮೆಣಸಿನಲ್ಲಿ ನಿಂಬೆಯ, ಮರದ, ಹೂವಿನ ಛಾಯೆಗಳಿವೆ, ಪೊಟ್ಟಣದ ಪುಡಿಯಲ್ಲಿ ಸಿಗುವುದು ಬರೀ ಸೀನು. ಒಂದೇ ಬಳ್ಳಿಯ ಬಲಿತ ಹಸಿರು ಕಾಯಿಯನ್ನು ಒಣಗಿಸಿದರೆ ಕರಿಮೆಣಸು, ಹಣ್ಣಾದದ್ದರ ಸಿಪ್ಪೆ ಕಳೆದರೆ ಬಿಳಿ. ಘಮದ ದೊಡ್ಡ ಪಾಲು ಸಿಪ್ಪೆಯಲ್ಲೇ ಇರುವುದರಿಂದ ದಿನಬಳಕೆಗೆ ಕರಿಯದೇ ಸರಿ. ಕೈಗೆ ತೆಗೆದುಕೊಂಡರೆ ಕಾಳು ತೂಕವಾಗಿ, ಗಟ್ಟಿಯಾಗಿ ಇರಬೇಕು. ಬೆರಳಲ್ಲಿ ಹಿಸುಕಿದರೆ ಒಡೆಯುವ ಕಾಳು ಪೊಳ್ಳು. ಒಂದು ಲೋಟ ನೀರಿಗೆ ಹಾಕಿ ನೋಡಿದರೆ ಒಳ್ಳೆಯ ಕಾಳುಗಳು ಹೆಚ್ಚಿನವು ತಳ ಸೇರುತ್ತವೆ. ಪೊಳ್ಳು ಕಾಳು, ಕಲಬೆರಕೆಗೆ ಹಾಕಿದ ಪಪ್ಪಾಯಿ ಬೀಜ ತೇಲುತ್ತವೆ.

ಒಣಮೆಣಸಿನಕಾಯಿಯಲ್ಲಿ ಬಣ್ಣಕ್ಕೊಂದು, ಖಾರಕ್ಕೊಂದು ಎಂದು ಎರಡು ಬಗೆ ಇಟ್ಟುಕೊಂಡರೆ ಅಡುಗೆ ಕೈಗೆ ಬರುತ್ತದೆ. ಎರಡನ್ನೂ ಬೇಕಾದ ಅಳತೆಯಲ್ಲಿ ಬೆರೆಸಬಹುದು. ಖಾರ ಇರುವುದು ಬೀಜದಲ್ಲಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಕ್ಯಾಪ್ಸೈಸಿನ್ ತಯಾರಾಗುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿಯ ದಿಂಡಿನಲ್ಲಿ. ಖಾರ ತಗ್ಗಿಸಬೇಕಾದರೆ ಆ ದಿಂಡನ್ನು ಕಿತ್ತು ತೆಗೆಯಿರಿ. ಪುಡಿಯೂ ಬೇಕೇ ಬೇಕು ಎನ್ನುವವರು 100 ಗ್ರಾಂ ಮೀರಬೇಡಿ, ಕೆಂಪು ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ.

ಅರಿಶಿನ ಮಾತ್ರ ಪುಡಿಯಾಗಿಯೇ ಬರಲಿ. ಒಣಗಿದ ಕೊಂಬು ಕಲ್ಲಿನಷ್ಟು ಗಟ್ಟಿ, ಮನೆಯ ಮಿಕ್ಸಿಯ ಬ್ಲೇಡಿಗೆ ಅದು ಶಿಕ್ಷೆ. ಪುಡಿಯ ಬಣ್ಣ ಕಣ್ಣು ಕುಕ್ಕುವಷ್ಟು ಹಳದಿಯಾಗಿದ್ದರೆ ಅನುಮಾನಿಸಿ. ಹೊಳಪಿಗಾಗಿ ಸೀಸದ ಕ್ರೋಮೇಟ್ ಬೆರೆಸಿದ ಪ್ರಕರಣಗಳು ಬೆಳಕಿಗೆ ಬಂದಿವೆ, ಸೀಸ ಮಕ್ಕಳ ಮಿದುಳಿಗೆ ದೊಡ್ಡ ಕೆಡುಕು. ಪರೀಕ್ಷೆಗೆ ಒಳಪಟ್ಟ, ತಯಾರಕರ ವಿಳಾಸ ಇರುವ ಪೊಟ್ಟಣವನ್ನೇ ಕೊಳ್ಳುವುದು ಒಳ್ಳೆಯದು.

ಚಕ್ಕೆಯಲ್ಲಿ ಎರಡು ಜಾತಿ ಇವೆ. ತೆಳುವಾದ ಪದರಗಳನ್ನು ಒಂದರೊಳಗೊಂದು ಸುತ್ತಿ ಬೆರಳಲ್ಲೇ ಮುರಿಯುವಂತಿರುವುದು ನಿಜವಾದ ದಾಲ್ಚಿನ್ನಿ. ದಪ್ಪಗೆ, ಗಟ್ಟಿಯಾಗಿ, ಒಂದೇ ಪದರದಲ್ಲಿ ಸುರುಳಿಯಾಗಿರುವುದು ಕ್ಯಾಸಿಯಾ. ಖಾರ ಖಾರವಾದ ಕ್ಯಾಸಿಯಾ ಮಸಾಲೆ ಅಡುಗೆಗೆ ಒಗ್ಗುತ್ತದೆ, ಸಿಹಿಗೆ ದಾಲ್ಚಿನ್ನಿ ನಯ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ವಸ್ತು ಹೆಚ್ಚು, ಅದು ಅತಿಯಾದರೆ ಯಕೃತ್ತಿಗೆ ಒಳ್ಳೆಯದಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ ಎಂದು ಮಿತಿ ಹಾಕಿದೆ. ಅಡುಗೆಗೆ ಒಂದು ತುಂಡು ಹಾಕುವವರು ಚಿಂತಿಸಬೇಕಿಲ್ಲ. ದಿನವೂ ಚಮಚಗಟ್ಟಲೆ ಚಕ್ಕೆ ಪುಡಿ ತಿನ್ನುವವರು ದಾಲ್ಚಿನ್ನಿಗೇ ಬದಲಾಗಬೇಕು.

ಲವಂಗ, ಏಲಕ್ಕಿ ತಲಾ 25 ಗ್ರಾಂ ಇದ್ದರೆ ಬಹಳ ದಿನ ಬರುತ್ತವೆ. ಏಲಕ್ಕಿಯನ್ನು ಸಿಪ್ಪೆ ಸಹಿತ, ಹಸಿರು ಉಳಿದಿರುವುದನ್ನು ನೋಡಿ ತನ್ನಿ. ಆ ಸಿಪ್ಪೆಯೇ ಅದರ ಡಬ್ಬಿ. ಬಿಡಿಸಿದ ಬೀಜ ಸಿಗುತ್ತದೆ ಎಂದು ಆಸೆಪಟ್ಟು ತಂದರೆ ಕೆಲವೇ ವಾರಗಳಲ್ಲಿ ಘಮ ಕಮ್ಮಿಯಾಗುತ್ತದೆ. ಹತ್ತನೆಯದು ಒಣಶುಂಠಿ. ಶುಂಠಿ ಒಣಗುವಾಗ ಅದರ ಜಿಂಜರಾಲ್‌ನ ಒಂದು ಪಾಲು ಶೋಗಾಲ್ ಆಗಿ ಮಾರ್ಪಡುತ್ತದೆ, ಅದು ಇನ್ನೂ ಖಾರ. ಆದ್ದರಿಂದ ಹಸಿಶುಂಠಿಯ ಬದಲು ಒಣಶುಂಠಿ ಹಾಕುವಾಗ ಕೈ ಬಿಗಿಹಿಡಿಯಿರಿ.

ಹೆಜ್ಜೆ 4: ಎರಡನೆಯ ಸಾಲು, ಒಂದರ ಬದಲು ಇನ್ನೊಂದು

ಇಲ್ಲಿ ಬಗೆಗಳು ಹೆಚ್ಚುತ್ತಾ ಹೋಗುತ್ತವೆ, ಕಪಾಟು ಕೆಡುವುದೂ ಇಲ್ಲಿಯೇ. ಘಮದ ಮೂಲ ತಿಳಿದಿದ್ದರೆ ಅರ್ಧ ಕೊಳ್ಳುವುದು ತಪ್ಪುತ್ತದೆ. ಸೋಂಪು, ಅನೀಸ್ (ಸೋಂಪನ್ನು ಹೋಲುವ ಸಣ್ಣ ಬೀಜ), ಚಕ್ರಮೊಗ್ಗು ಮೂರೂ ಬೇರೆ ಬೇರೆ ಗಿಡದವು, ಆದರೆ ಮೂರರಲ್ಲೂ ಮುಖ್ಯವಾಗಿ ಇರುವುದು ಅನೆಥಾಲ್. ಮನೆಯಲ್ಲಿ ಸೋಂಪು ಇದ್ದರೆ ಉಳಿದೆರಡಿಲ್ಲದೆ ನಡೆಯುತ್ತದೆ. ಥೈಮ್ ಎಲೆಯ ಘಮ ಥೈಮಾಲ್‌ನಿಂದ ಬರುತ್ತದೆ, ಅದೇ ಥೈಮಾಲ್ ಓಂಕಾಳಿನಲ್ಲಿ ಇನ್ನೂ ದಟ್ಟವಾಗಿದೆ. ಥೈಮ್ ಕೇಳುವ ಕಡೆ ಕಾಲು ಭಾಗದಷ್ಟು ಓಂಕಾಳು ಜಜ್ಜಿ ಹಾಕಿ ನೋಡಿ. ಓರೆಗಾನೋದಲ್ಲಿರುವ ಕಾರ್ವಕ್ರಾಲ್ ದೊಡ್ಡಪತ್ರೆಯಲ್ಲೂ ಇದೆ, ಕುಂಡದಲ್ಲಿ ದೊಡ್ಡಪತ್ರೆ ಬೆಳೆಸಿದವರಿಗೆ ಆ ಡಬ್ಬಿಯೂ ಉಳಿಯಿತು. ಸಬ್ಬಸಿಗೆ ಬೀಜ ಮತ್ತು ಜೀರಿಗೆಯಂತೆ ಕಾಣುವ ಕ್ಯಾರವೇ ಬೀಜ ಎರಡರಲ್ಲೂ ಕಾರ್ವೋನ್ ಇದೆ, ಒಂದಿದ್ದರೆ ಸಾಕು.

ಜಾಯಿಕಾಯಿ ಪುಡಿ ಬೇಡ, ಇಡೀ ಕಾಯಿ ಎರಡು ತನ್ನಿ, ಬೇಕಾದಾಗ ತುರಿಮಣೆಯ ಸಣ್ಣ ಕಣ್ಣಿನಲ್ಲಿ ಉಜ್ಜಿ. ಜಾಪತ್ರೆ ಅದೇ ಕಾಯಿಯನ್ನು ಸುತ್ತಿರುವ ಕೆಂಪು ಜಾಲರಿ, ಒಂದಿದ್ದಲ್ಲಿ ಇನ್ನೊಂದರ ಅವಸರವಿಲ್ಲ. ಜಾಯಿಕಾಯಿ ಚಿಟಿಕೆಯಲ್ಲೇ ಇರಲಿ. ಕೆಲವು ಗ್ರಾಂ ಹೊಟ್ಟೆಗೆ ಹೋದರೆ ವಾಂತಿ, ಎದೆಬಡಿತ, ಭ್ರಮೆ ಶುರುವಾಗುತ್ತವೆ. ಮಕ್ಕಳ ಕೈಗೆ ಸಿಗದ ಕಡೆ ಇಡಬೇಕಾದ ಮಸಾಲೆ ಇದು.

ಮೆಂತ್ಯ, ಇಂಗು, ಪಲಾವ್ ಎಲೆ, ಗಸಗಸೆ, ಎಳ್ಳು, ಪ್ಯಾಪ್ರಿಕಾ (ಖಾರ ಕಡಿಮೆಯ ಕೆಂಪು ಮೆಣಸಿನ ಪುಡಿ) ನಿಮ್ಮ ಪಟ್ಟಿಯಲ್ಲಿ ಬಂದಿದ್ದರೆ ತನ್ನಿ. ಇಂಗಿನ ಪೊಟ್ಟಣದಲ್ಲಿ ಇಂಗಿನ ಜೊತೆ ಹಿಟ್ಟು, ಗೋಂದು ಬೆರೆತಿರುತ್ತವೆ. ಹಿಟ್ಟು ಹೆಚ್ಚಾಗಿ ಗೋಧಿಯದು, ಹಾಗಾಗಿ ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಆಗದವರು ಲೇಬಲ್ ಓದಲೇಬೇಕು. ಪಲಾವ್ ಎಲೆಯಲ್ಲಿ ಉದ್ದಕ್ಕೆ ಮೂರು ನರ ಕಾಣುತ್ತವೆ, ಘಮ ಚಕ್ಕೆಯ ಕಡೆಗೆ ವಾಲುತ್ತದೆ. ಪಾಶ್ಚಾತ್ಯ ಅಡುಗೆಯ ಬೇ ಎಲೆಗೆ ನಡುವೆ ಒಂದೇ ನರ, ಘಮ ನೀಲಗಿರಿ ಎಲೆಯ ಕಡೆಗೆ. ಹೆಸರು ಬೆರಕೆಯಾದರೂ ಇವು ಬೇರೆ ಮರಗಳು. ಗಸಗಸೆ, ಎಳ್ಳಿನಲ್ಲಿ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಬೇಗ ಕಮಟಾಗುತ್ತವೆ, ಇವೆರಡರ ಜಾಗ ಫ್ರಿಜ್.

ಕೇಸರಿ ಕೊಳ್ಳುವವರು ಎಳೆಯನ್ನೇ ಕೊಳ್ಳಿ, ಪುಡಿ ಬೇಡ. ಒಂದು ಹೂವಿಗೆ ಮೂರೇ ಎಳೆ, ಒಂದು ಗ್ರಾಂಗೆ ನೂರಕ್ಕೂ ಹೆಚ್ಚು ಹೂ ಬೇಕು. ಅಗ್ಗಕ್ಕೆ ಸಿಕ್ಕಿತೆಂದರೆ ಅದು ಕೇಸರಿಯಲ್ಲ. ಬೆಚ್ಚಗಿನ ನೀರಿಗೆ ಹಾಕಿದರೆ ನಿಜವಾದ ಎಳೆ ನಿಧಾನವಾಗಿ ಬಂಗಾರದ ಬಣ್ಣ ಬಿಡುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ಬಣ್ಣ ಹಚ್ಚಿದ್ದಾದರೆ ಕ್ಷಣದಲ್ಲಿ ನೀರು ಕೆಂಪಗಾಗಿ ಎಳೆ ಬಿಳಿಚಿಕೊಳ್ಳುತ್ತದೆ.

ಹೆಜ್ಜೆ 5: ಒಣ ಎಲೆಗಳಲ್ಲಿ ಯಾವುದು ಬೇಕು, ಯಾವುದು ಬೇಡ

ಇದಕ್ಕೊಂದು ಸರಳ ಲೆಕ್ಕ ಇದೆ. ಬಿಸಿಲು, ಒಣ ನೆಲಕ್ಕೆ ಒಗ್ಗಿದ ಗಟ್ಟಿ ಎಲೆಯ ಗಿಡಗಳು ಒಣಗಿದರೂ ಘಮ ಬಿಡುವುದಿಲ್ಲ. ಥೈಮ್, ಓರೆಗಾನೋ, ರೋಸ್‌ಮೆರಿ, ಸೇಜ್ ಈ ಗುಂಪಿನವು. ಮೆತ್ತಗಿನ, ನೀರು ತುಂಬಿದ ಎಲೆಗಳು ಒಣಗಿದರೆ ಉಳಿಯುವುದು ಕಾಗದ. ಒಣ ಕೊತ್ತಂಬರಿ ಸೊಪ್ಪು, ಒಣ ಪಾರ್ಸ್ಲಿ ಇವೆರಡಕ್ಕೆ ದುಡ್ಡು ಹಾಕಬೇಡಿ ಎಂದು ಧೈರ್ಯವಾಗಿ ಹೇಳುತ್ತೇನೆ. ಬೇಸಿಲ್ ನಡುವಿನದು, ಒಣಗಿದ್ದಕ್ಕೂ ಹಸಿಯದಕ್ಕೂ ಸಂಬಂಧವೇ ಇಲ್ಲದಂತೆ ರುಚಿ ಬದಲಾಗುತ್ತದೆ. ಪುದೀನ ಪರವಾಗಿಲ್ಲ. ಕಸೂರಿ ಮೇಥಿ ಒಣಗಿದ ಮೇಲೆಯೇ ಚೆನ್ನ, ಹಾಕುವ ಮೊದಲು ಬಾಣಲೆಯಲ್ಲಿ ತುಸು ಬಿಸಿಮಾಡಿ ಅಂಗೈಯಲ್ಲಿ ಹಿಸುಕಿ ಉದುರಿಸಿ. ಕರಿಬೇವು ಒಣಗಿಸಿದರೆ ಸಪ್ಪೆ. ತೊಳೆದು, ನೀರು ಪೂರ್ತಿ ಆರಿಸಿ, ಮುಚ್ಚುವ ಚೀಲದಲ್ಲಿ ಫ್ರೀಜರ್‌ಗೆ ಹಾಕಿ. ಎಲೆ ಕಪ್ಪಾದರೂ ಘಮ ತಕ್ಕಮಟ್ಟಿಗೆ ಉಳಿಯುತ್ತದೆ.

ಹಸಿ ಸೊಪ್ಪಿನ ಬದಲು ಒಣದ್ದು ಬಳಸುವಾಗ ಮೂರನೇ ಒಂದು ಪಾಲು ಹಾಕಿ. ಒಂದು ದೊಡ್ಡ ಚಮಚ ಅಂದರೆ 15 ಮಿಲಿ ಹಸಿ ಎಲೆ ಕೇಳಿದ್ದರೆ, ಒಂದು ಚಿಕ್ಕ ಚಮಚ ಅಂದರೆ 5 ಮಿಲಿ ಒಣದ್ದು. ಒಣ ಎಲೆ ಬೇಯುವಾಗಲೇ ಬೀಳಬೇಕು, ನೀರು ಹೀರಿ ಬಿಚ್ಚಿಕೊಳ್ಳಲು ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಬೇಕು. ಮೆತ್ತಗಿನ ಹಸಿ ಸೊಪ್ಪು ಒಲೆ ಆರಿಸಿದ ಮೇಲೆ.

ಹೆಜ್ಜೆ 6: ಕೊಳ್ಳುವಾಗ

ಮಾಲು ಬೇಗ ಬೇಗ ಖರ್ಚಾಗುವ ಅಂಗಡಿ ಹುಡುಕಿಕೊಳ್ಳಿ. ಗೋಣಿಯಲ್ಲಿ ತೆರೆದಿಟ್ಟದ್ದು ನೋಡಲು ಚೆಂದ, ಮೂಸಿಯೂ ನೋಡಬಹುದು, ಆದರೆ ವ್ಯಾಪಾರ ಮಂದವಾದರೆ ಅದು ತಿಂಗಳುಗಟ್ಟಲೆ ಗಾಳಿಗೆ ನಿಂತ ಸರಕು. ಪೊಟ್ಟಣವಾದರೆ ಕೊನೆಯ ದಿನಾಂಕ ನೋಡಿದರೆ ಸಾಲದು, ತಯಾರಾದ ದಿನಾಂಕ ನೋಡಿ, ಕಪಾಟಿನ ಹಿಂಬದಿಯ ಪೊಟ್ಟಣದ್ದೂ ನೋಡಿ. ಗಾಜಿನ ಬಾಟಲಿಯಲ್ಲಿ ಕಿಟಕಿಯ ಪಕ್ಕ ಹೊಳೆಯುತ್ತಿರುವ ಕೆಂಪು ಪುಡಿಯನ್ನು ಬಿಟ್ಟುಬಿಡಿ.

ದೊಡ್ಡ ಪೊಟ್ಟಣ ಗ್ರಾಂ ಲೆಕ್ಕದಲ್ಲಿ ಅಗ್ಗ ಎಂಬ ಆಸೆ ಎಲ್ಲರಿಗೂ ಆಗುತ್ತದೆ. ನಿಮ್ಮ ಅಳತೆಗೋಲು ಇಷ್ಟೇ ಇರಲಿ: ಪುಡಿಯಾದರೆ ಮೂರು ನಾಲ್ಕು ತಿಂಗಳಲ್ಲಿ ಮುಗಿಯುವಷ್ಟು, ಕಾಳಾದರೆ ಒಂದು ವರ್ಷಕ್ಕೆ ಮುಗಿಯುವಷ್ಟು. ಸರಿಯಾಗಿ ಇಟ್ಟರೆ ಕಾಳು, ತೊಗಟೆ ಎರಡು ಮೂರು ವರ್ಷವೂ ತಾಳುತ್ತವೆ, ಪುಡಿ ಆರು ತಿಂಗಳಿಂದ ಒಂದು ವರ್ಷ, ಒಣ ಎಲೆ ಸುಮಾರು ಒಂದು ವರ್ಷ. ಕೊಳ್ಳುವ ಲೆಕ್ಕವನ್ನು ಮಾತ್ರ ಅದಕ್ಕಿಂತ ಬಿಗಿಯಾಗಿ ಇಟ್ಟುಕೊಳ್ಳಿ.

ಸಿದ್ಧ ಮಸಾಲೆ ಮಿಶ್ರಣ ಒಂದೋ ಎರಡೋ ಇರಲಿ, ಅವಸರದ ದಿನಕ್ಕೆ ಆಗುತ್ತವೆ. ಪದಾರ್ಥಗಳ ಪಟ್ಟಿಯಲ್ಲಿ ಉಪ್ಪು ಮೊದಲ ಹೆಸರಾಗಿದ್ದರೆ ನೀವು ಕೊಳ್ಳುತ್ತಿರುವುದು ಹೆಚ್ಚಾಗಿ ಉಪ್ಪು.

ಹೆಜ್ಜೆ 7: ಡಬ್ಬಿ, ಚೀಟಿ, ಜಾಗ

ಒಲೆಯ ಮೇಲಿನ ಕಪಾಟು ಕೈಗೆ ಹತ್ತಿರ, ಮಸಾಲೆಗೆ ಮಾತ್ರ ಅತಿ ಕೆಟ್ಟ ಜಾಗ. ದಿನವೂ ಬಿಸಿ, ದಿನವೂ ಆವಿ. ಫ್ರಿಜ್ಜಿನ ನೆತ್ತಿ, ಓವನ್ನಿನ ಪಕ್ಕ, ಸಿಂಕಿನ ಕೆಳಗೆ, ಬಿಸಿಲು ಬೀಳುವ ಕಿಟಕಿ ಕೂಡ ಬೇಡ. ಒಲೆಯಿಂದ ಎರಡು ಹೆಜ್ಜೆ ಆಚೆ, ಬಾಗಿಲಿರುವ ಕಪಾಟು ಅಥವಾ ಆಳವಾದ ಡ್ರಾಯರ್ ಸರಿ.

ಡಬ್ಬಿ ಗಾಜಿನದು ಅಥವಾ ಸ್ಟೀಲಿನದು, ಮುಚ್ಚಳ ಬಿಗಿ. ಪ್ಲಾಸ್ಟಿಕ್ ವಾಸನೆ ಹೀರಿಕೊಳ್ಳುತ್ತದೆ, ಇಂಗು ಇಟ್ಟ ಪ್ಲಾಸ್ಟಿಕ್ ಡಬ್ಬಿ ಮುಂದೆಂದೂ ಇಂಗಿನದೇ. ಇಂಗನ್ನು ಅದರ ಪೊಟ್ಟಣ ಸಮೇತ ಇನ್ನೊಂದು ಬಿಗಿ ಡಬ್ಬಿಯಲ್ಲಿಡಿ. ಡಬ್ಬಿಯ ಅಳತೆ ಒಳಗಿನ ಮಸಾಲೆಗೆ ತಕ್ಕದ್ದಾಗಿರಬೇಕು, ಅರ್ಧ ಖಾಲಿ ಇರುವ ಡಬ್ಬಿ ಎಂದರೆ ಅರ್ಧ ಗಾಳಿ. ಮಸಾಲೆ ಇಳಿದಂತೆ ಚಿಕ್ಕ ಡಬ್ಬಿಗೆ ಬದಲಿಸುವುದು ಗೀಳು ಎನಿಸಬಹುದು, ಆದರೆ ಏಲಕ್ಕಿ, ಕೇಸರಿಯಂಥ ದುಬಾರಿಯವಕ್ಕಾದರೂ ಹಾಗೆ ಮಾಡಿ.

ಒಂದೇ ಮುಚ್ಚಳದ ಕೆಳಗೆ ಹಲವು ಬಟ್ಟಲುಗಳಿರುವ ಮಸಾಲೆ ಡಬ್ಬಿ ದಿನದ ಕೆಲಸಕ್ಕೆ ಬಹಳ ಅನುಕೂಲ. ಅದರಲ್ಲಿ ಘಮಗಳು ಬೆರೆಯುತ್ತವೆ, ಗಾಳಿಯೂ ದಿನಕ್ಕೆ ಹಲವು ಸಲ ಆಡುತ್ತದೆ. ಹಾಗಾಗಿ ಅದಕ್ಕೆ ಎರಡು ವಾರದಷ್ಟು ಮಾತ್ರ ತುಂಬಿ, ದಾಸ್ತಾನು ಬೇರೆ ಡಬ್ಬಿಯಲ್ಲಿ ಇರಲಿ. ಬಟ್ಟಲು ಖಾಲಿಯಾದ ಮೇಲೆ ಒರೆಸಿ ತುಂಬಿಸಿ. ಹಳೆಯದರ ಮೇಲೆ ಹೊಸದು ಸುರಿಯುತ್ತಾ ಹೋದರೆ ತಳದಲ್ಲಿರುವುದಕ್ಕೆ ಎಷ್ಟು ವಯಸ್ಸೋ ಯಾರಿಗೂ ಗೊತ್ತಾಗುವುದಿಲ್ಲ.

ಚೀಟಿಯಲ್ಲಿ ಹೆಸರಿನ ಜೊತೆ ತಂದ ತಿಂಗಳು, ವರ್ಷ ಬರೆಯಿರಿ. ಡ್ರಾಯರ್‌ನಲ್ಲಿ ಇಡುವುದಾದರೆ ಚೀಟಿ ಮುಚ್ಚಳದ ಮೇಲೆ, ಕಪಾಟಾದರೆ ಡಬ್ಬಿಯ ಮೈಗೆ. ಮುಚ್ಚಳಕ್ಕೆ ಮಾತ್ರ ಅಂಟಿಸಿದರೆ ಎರಡು ಡಬ್ಬಿ ಒಟ್ಟಿಗೆ ತೆರೆದಾಗ ಮುಚ್ಚಳ ಅದಲುಬದಲಾಗುತ್ತದೆ, ಆದ್ದರಿಂದ ತಳದಲ್ಲೂ ಒಂದು ಗುರುತು ಇರಲಿ. ಜೋಡಿಸುವಾಗ ಅಕ್ಷರ ಕ್ರಮ, ಬಣ್ಣದ ಕ್ರಮ ಎಂದು ತಲೆಕೆಡಿಸಿಕೊಳ್ಳಬೇಡಿ. ಒಗ್ಗರಣೆಗೆ ಬೀಳುವವು ಒಂದು ಕಡೆ, ಸಿಹಿಗೆ ಹೋಗುವವು ಒಂದು ಕಡೆ, ಎಲೆಗಳು ಒಂದು ಕಡೆ. ಕೈ ತಾನಾಗಿ ಕಲಿಯುತ್ತದೆ.

ಕುದಿಯುವ ಪಾತ್ರೆಯ ಮೇಲೆ ಡಬ್ಬಿಯನ್ನು ಬಗ್ಗಿಸಿ ಉದುರಿಸುವ ಅಭ್ಯಾಸವಿದ್ದರೆ ಬಿಡಿ. ಆವಿ ನೇರ ಡಬ್ಬಿಯೊಳಗೆ ಹೋಗಿ ಪುಡಿ ಗಂಟು ಕಟ್ಟುತ್ತದೆ, ಆಮೇಲೆ ಬೂಷ್ಟು. ಒಣ ಚಮಚದಿಂದ ತೆಗೆದು, ಮುಚ್ಚಳ ಹಾಕಿ, ಆಮೇಲೆ ಒಲೆಯ ಬಳಿ ಹೋಗಿ.

ಹೆಜ್ಜೆ 8: ಹುರಿದು, ಕುಟ್ಟಿ, ಬಳಸುವುದು

ಇಡೀ ಕಾಳು ತನ್ನಿ ಎಂದ ಮೇಲೆ ಪುಡಿ ಮಾಡುವ ಸಾಧನ ಬೇಕು. ಒಂದು ಭಾರವಾದ ಕುಟ್ಟಾಣಿ, ಒಂದು ಮಿಕ್ಸಿಯ ಚಿಕ್ಕ ಜಾರ್ ಇದ್ದರೆ ಸಾಕು. ಎರಡು ಚಮಚಕ್ಕಿಂತ ಕಡಿಮೆಯಾದರೆ ಕುಟ್ಟಾಣಿ, ಹೆಚ್ಚಾದರೆ ಮಿಕ್ಸಿ. ಮಿಕ್ಸಿಯನ್ನು ಒಂದೇ ಸಮ ಓಡಿಸಿದರೆ ಜಾರ್ ಬಿಸಿಯಾಗಿ ಘಮ ಅಲ್ಲೇ ಹೋಗುತ್ತದೆ, ಬಿಟ್ಟು ಬಿಟ್ಟು ತಿರುಗಿಸಿ. ಜಾರಿನಲ್ಲಿ ಉಳಿದ ವಾಸನೆಗೆ ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸಿ ಒರೆಸಿದರೆ ಬಹುಪಾಲು ಹೋಗುತ್ತದೆ.

ಕಾಳು ಹುರಿಯುವುದನ್ನು ಕಣ್ಣಿಗಿಂತ ಮೂಗು, ಕಿವಿಯಿಂದ ಕಲಿಯಬೇಕು. ದಪ್ಪ ತಳದ ಬಾಣಲೆ, ಸಣ್ಣ ಉರಿ, ಎಣ್ಣೆ ಇಲ್ಲ. ಕೊತ್ತಂಬರಿ ಬೀಜ ಹಾಕಿ ಕೈಯಾಡಿಸುತ್ತಾ ಇರಿ. ಮೊದಲ ಒಂದು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಹಸಿ ವಾಸನೆ ಸರಿದು ಬೆಚ್ಚಗಿನ ಘಮ ಏಳುತ್ತದೆ, ಚಮಚ ತಾಗಿದಾಗ ಬರುವ ಸದ್ದು ಮಂದವಾಗಿದ್ದದ್ದು ಗರಗರ ಎನ್ನತೊಡಗುತ್ತದೆ, ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಆಗಲೇ ತಣ್ಣಗಿನ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಆ ಬಿಸಿಗೇ ಸೀದುಹೋಗುತ್ತದೆ. ಹೊಗೆ ಕಂಡಿತೆಂದರೆ ತಡವಾಗಿದೆ. ಒಂದೊಂದು ಬಗೆಯನ್ನೂ ಬೇರೆ ಬೇರೆ ಹುರಿಯಿರಿ, ಯಾಕೆಂದರೆ ಕೊತ್ತಂಬರಿಗೆ ಬೇಕಾದ ಸಮಯ ಜೀರಿಗೆಗೆ ಹೆಚ್ಚು. ಮೆಂತ್ಯವಂತೂ ಹೊಂಬಣ್ಣದಿಂದ ಕೆಂಪಿಗೆ ತಿರುಗುವಷ್ಟರಲ್ಲಿ ಕಹಿಯಾಗಿ ಇಡೀ ಪುಡಿಯನ್ನು ಕೆಡಿಸುತ್ತದೆ. ಪೂರ್ತಿ ಆರಿದ ಮೇಲೆಯೇ ಪುಡಿ ಮಾಡಿ. ಬಿಸಿಯಿರುವಾಗ ಮಾಡಿದರೆ ಆವಿಯೂ ಜೊತೆಗೆ ಸೇರಿ ಗಂಟಾಗುತ್ತದೆ.

ಎಣ್ಣೆಯಲ್ಲಿ ಹಾಕುವಾಗ ಕ್ರಮ ಮುಖ್ಯ. ಗಟ್ಟಿಯಾದ, ತಡವಾಗಿ ಬಿಚ್ಚಿಕೊಳ್ಳುವ ಚಕ್ಕೆ, ಲವಂಗ ಮೊದಲು. ಸಾಸಿವೆ ಸಿಡಿದು ಮುಗಿಯುವ ಹೊತ್ತಿಗೆ ಜೀರಿಗೆ. ಅರಿಶಿನ, ಮೆಣಸಿನ ಪುಡಿ ಕಟ್ಟಕಡೆಗೆ, ಅವಕ್ಕೆ ಕೆಲವೇ ಕ್ಷಣ ಸಾಕು, ಅದರ ಹಿಂದೆಯೇ ನೀರೋ ತರಕಾರಿಯೋ ಬೀಳಬೇಕು. ಮಸಾಲೆಯ ಘಮ, ಅರಿಶಿನದ ಬಣ್ಣ, ಮೆಣಸಿನಕಾಯಿಯ ಖಾರ ಎಲ್ಲವೂ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ನೀರು ಕುದಿಯುವಾಗ ಮೇಲಿಂದ ಉದುರಿಸಿದ್ದಕ್ಕೂ ಎಣ್ಣೆಯಲ್ಲಿ ಬಿಚ್ಚಿಕೊಂಡದ್ದಕ್ಕೂ ಇರುವ ವ್ಯತ್ಯಾಸ ಅದೇ. ಕೇಸರಿ ಮಾತ್ರ ವಿರುದ್ಧ, ಅದರ ಬಣ್ಣ ನೀರಿಗೆ, ಹಾಲಿಗೆ ಬಿಡುತ್ತದೆ.

ಹೆಜ್ಜೆ 9: ಹುಳ, ಫ್ರಿಜ್, ಆರು ತಿಂಗಳ ತಪಾಸಣೆ

ಕೊತ್ತಂಬರಿ ಬೀಜ, ಮೆಣಸಿನಕಾಯಿ, ಒಣಶುಂಠಿಗೆ ಬರುವ ಎರಡು ಮೂರು ಮಿಲಿಮೀಟರ್ ಉದ್ದದ ಕಂದು ಹುಳಗಳು ಖಾರಕ್ಕೆ ಹೆದರುವುದಿಲ್ಲ, ಮೆಣಸಿನ ಪುಡಿಯಲ್ಲೇ ಮೊಟ್ಟೆಯಿಟ್ಟು ಬೆಳೆಯುತ್ತವೆ. ಕಾಳಿನಲ್ಲಿ ಸೂಜಿಮೊನೆಯಂಥ ತೂತು, ಡಬ್ಬಿಯ ತಳದಲ್ಲಿ ನುಣ್ಣನೆ ಹೊಟ್ಟು ಕಂಡರೆ ಅವು ಬಂದಿವೆ ಎಂದರ್ಥ. ಆ ಡಬ್ಬಿಯದನ್ನು ಚೀಲದಲ್ಲಿ ಕಟ್ಟಿ ಮನೆಯಿಂದ ಹೊರಹಾಕಿ, ಪಕ್ಕದ ಡಬ್ಬಿಗಳನ್ನೂ ತಟ್ಟೆಗೆ ಸುರಿದು ನೋಡಿ, ಕಪಾಟಿನ ಮೂಲೆ, ಸಂದುಗಳನ್ನು ಒರೆಸಿ ಒಣಗಿಸಿ. ಬಿಡಿಯಾಗಿ ತಂದ ಕಾಳುಗಳನ್ನು ಮೊದಲೇ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಒಂದು ವಾರ ಇಟ್ಟರೆ ಮೊಟ್ಟೆಗಳೂ ಸಾಯುತ್ತವೆ. ಆಮೇಲೆ ಕಪಾಟಿಗೆ.

ಆರು ತಿಂಗಳಿಗೊಮ್ಮೆ ಚೀಟಿ ನೋಡುತ್ತಾ ಎಲ್ಲವನ್ನೂ ಅಂಗೈಯಲ್ಲಿ ತಿಕ್ಕಿ ಮೂಸಿ. ಘಮ ತಗ್ಗುತ್ತಿದೆ ಎನಿಸಿದ ಕಾಳನ್ನು ಈ ವಾರವೇ ಹುರಿದು ಪುಡಿ ಮಾಡಿ ಬಳಸಿಬಿಡಿ. ಅರ್ಧಕ್ಕಿಂತ ಹೆಚ್ಚು ಉಳಿದಿರುವ ಡಬ್ಬಿಯ ಚೀಟಿಯಲ್ಲಿ ‘ಮುಂದೆ ಅರ್ಧ’ ಎಂದು ಬರೆದುಕೊಳ್ಳಿ, ಎರಡು ಸಲ ಹಾಗೆ ಬರೆಯಬೇಕಾಗಿ ಬಂದರೆ ಆ ಮಸಾಲೆ ನಿಮ್ಮ ಮನೆಗೆ ಬೇಡ.

ಕೆಂಪು ಪುಡಿಗಳು, ಎಳ್ಳು, ಗಸಗಸೆ, ಹೆಚ್ಚಾಗಿ ಉಳಿದ ಮೆಣಸಿನಕಾಯಿ ಫ್ರಿಜ್ಜಿನಲ್ಲೋ ಫ್ರೀಜರ್‌ನಲ್ಲೋ ಇರಲಿ, ಗಾಳಿಯಾಡದಂತೆ ಮುಚ್ಚಿ. ಹೊರತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ. ತಣ್ಣಗಿರುವ ಮಸಾಲೆಯ ಮೇಲೆ ಹೊರಗಿನ ಗಾಳಿಯ ತೇವ ಹನಿಯಾಗಿ ಕೂರುತ್ತದೆ. ಒಂದೆರಡು ಗಂಟೆ ಹಾಗೇ ಇಟ್ಟು, ಡಬ್ಬಿ ಮುಟ್ಟಿದರೆ ತಣ್ಣಗಿಲ್ಲ ಎನಿಸಿದ ಮೇಲೆ ತೆರೆಯಿರಿ. ಆ ವಾರಕ್ಕೆ ಬೇಕಾದಷ್ಟನ್ನು ಚಿಕ್ಕ ಡಬ್ಬಿಗೆ ಹಾಕಿಕೊಂಡು ದೊಡ್ಡದನ್ನು ಒಳಗಿಡಿ.